ರಾರಿಟನ್ ಬೇಯಲ್ಲಿ ಐದು ದಿನ, ಒಂದೂ ಮೀನಿಲ್ಲ: ಸ್ಟ್ರೈಪ್ಡ್ ಬಾಸ್ ಟ್ರೋಲಿಂಗ್ ಬಗ್ಗೆ

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಮೂವರು ಗೆಳೆಯರು ಸೇರಿ 19 ಅಡಿಯ ಹಳೇ ಬೋಟೊಂದನ್ನು ಕೊಂಡಿದ್ದೇವೆ. ಕಳೆದ ಏಪ್ರಿಲ್‌ನಲ್ಲಿ ಐದು ಸಲ ರಾರಿಟನ್ ಬೇಗೆ, ಅಂದರೆ ಇಲ್ಲಿಯ ಕೊಲ್ಲಿಗೆ, ಹೋಗಿ ಸ್ಟ್ರೈಪ್ಡ್ ಬಾಸ್ ಮೀನಿಗೆ ಟ್ರೋಲಿಂಗ್ (ಓಡುವ ಬೋಟಿನ ಹಿಂದೆ ಗಾಳ ಎಳೆಯುವುದು) ಮಾಡಿದೆವು. ಆರು ರಾಡು, ಎಲ್ಲದರಲ್ಲೂ 20 ಪೌಂಡಿನ ನೈಲಾನ್ ದಾರ, ತುದಿಯಲ್ಲಿ ಪ್ಲಾಸ್ಟಿಕ್ ಮೀನು, ಗಂಟೆಗೆ 5 ಮೈಲಿ ವೇಗ. ಸಿಕ್ಕಿದ್ದು ಪಾಚಿ, ಆಮೇಲೆ ದಾರದ ಗಂಟು. ಪಕ್ಕದ ಬೋಟಿನವರು ಮಾತ್ರ ಮೀನು ಎತ್ತುತ್ತಲೇ ಇದ್ದರು. ಯಾವ ಬಣ್ಣದ ಲೂರ್ (ನಕಲಿ ಮೀನು) ತಗೋಬೇಕು? ರಾಡು, ರೀಲು ಬದಲಿಸಬೇಕಾ? ಈ ಸಲ 8 ವರ್ಷದ ಮಗಳನ್ನೂ ಕರೆದುಕೊಂಡು ಹೋಗೋಣ ಅಂತಿದ್ದೇನೆ.

ಉತ್ತರ: ಬಣ್ಣದ ವಿಷಯ ಆಮೇಲೆ ನೋಡೋಣ. ಏಪ್ರಿಲ್‌ನ ಆ ಕಂದು ನೀರಿನಲ್ಲಿ ಮೀನಿಗೆ ಬಣ್ಣ ಅಷ್ಟಾಗಿ ಕಾಣಿಸುವುದೂ ಇಲ್ಲ.

ನೀವು ಬರೆದದ್ದನ್ನು ಎರಡು ಸಲ ಓದಿದೆ. 5 ಮೈಲಿ ವೇಗ, ನೈಲಾನ್ ದಾರ, ಭಾರವಿಲ್ಲದ ಪ್ಲಾಸ್ಟಿಕ್ ಮೀನು. ಆ ಪ್ಲಾಸ್ಟಿಕ್ ಮೀನಿನ ಬಾಯಿಯ ಕೆಳಗೆ ನಾಲಿಗೆ ಥರ ಒಂದು ತಗಡು ಇರುತ್ತದೆ, ನೋಡಿರುತ್ತೀರಿ. ಅದು ಚಿಕ್ಕದಿದ್ದರೆ ಲೂರ್ ಐದಾರು ಅಡಿಗಿಂತ ಕೆಳಗೆ ಹೋಗುವುದಿಲ್ಲ. ಮೀನು ಇದ್ದದ್ದು ಬಹುಶಃ 20 ಅಡಿಯಲ್ಲಿ, ತಳದ ಹತ್ತಿರ. ತಣ್ಣೀರಿನಲ್ಲಿ ಅದಕ್ಕೆ ಸೋಮಾರಿತನ ಜಾಸ್ತಿ. ಅಷ್ಟು ದೂರ ಮೇಲೆ ಬಂದು ತಿನ್ನುವ ಉಸಾಬರಿ ಅದಕ್ಕೆ ಬೇಕಿಲ್ಲ. ಐದು ದಿನವೂ ನೀವು ಅದರ ತಲೆಯ ಮೇಲಿಂದಲೇ ಹಾದು ಹೋಗಿದ್ದೀರಿ.

ನಾನು ಗಂಗೊಳ್ಳಿ ಕಡೆಯವನು. ಊರಿಗೆ ಹೋದಾಗ ಟ್ರೋಲಿಂಗ್ ಮಾಡುತ್ತೇನೆ ಅಂದರೆ ಎಲ್ಲರೂ ಟ್ರಾಲ್ ಬೋಟು ಅಂದುಕೊಳ್ಳುತ್ತಾರೆ. ಅದು ಬಲೆ ಎಳೆಯುವುದು, ಇದು ಗಾಳ ಎಳೆಯುವುದು. ಬಲೆಗೆ ಬಾಯಿ ದೊಡ್ಡದು, ಆಚೆ ಈಚೆ ಆದರೂ ನಡೆಯುತ್ತದೆ. ಗಾಳಕ್ಕೆ ಬಾಯಿಯೇ ಇಲ್ಲ, ಮೀನೇ ಬಾಯಿ ತೆರೆಯಬೇಕು. ಹಾಗಾಗಿ ಅದರ ಮೂಗಿನ ಮುಂದೆಯೇ ಹೋಗಬೇಕು. ನನ್ನ ಉತ್ತರವೆಲ್ಲ ಇಷ್ಟರ ಸುತ್ತಲೇ: ನಿಮ್ಮ ಲೂರ್ ಈಗ ಎಷ್ಟು ಅಡಿ ಕೆಳಗಿದೆ, ಅಲ್ಲಿ ಎಷ್ಟು ವೇಗದಲ್ಲಿ ಹೋಗುತ್ತಿದೆ?

ಮೊದಲು ವೇಗ. ನೀವು ನೋಡಿದ 5 ಮೈಲಿ ಜಿಪಿಎಸ್‌ನಲ್ಲಿ ಕಂಡದ್ದು, ಅಲ್ವಾ? ಅದು ನೆಲದ ಲೆಕ್ಕ. ಲೂರ್ ಇರುವುದು ನೀರಿನಲ್ಲಿ, ಆ ನೀರೂ ನಡೆಯುತ್ತಿರುತ್ತದೆ. ಇಳಿತದ ಸೆಳೆತ ಗಂಟೆಗೆ 1.5 ಮೈಲಿ ಇದೆ ಅಂತಿಟ್ಟುಕೊಳ್ಳಿ. ಸೆಳೆತದ ಜೊತೆಗೆ ಹೋಗುವಾಗ ಜಿಪಿಎಸ್ 3 ತೋರಿಸಿದರೆ ಲೂರ್‌ಗೆ ಸಿಗುವುದು 1.5 ಮಾತ್ರ. ಅದು ಸುಮ್ನೆ ಜೋತುಬಿದ್ದು ಕೆಸರು ಉಳುತ್ತದೆ. ಬೋಟು ತಿರುಗಿಸಿ ಸೆಳೆತದ ಎದುರು ಅದೇ 3ರಲ್ಲಿ ಹೋದರೆ ಲೂರ್‌ಗೆ 4.5. ಆಗ ಮೇಲೆದ್ದು ಬಿಡುತ್ತದೆ. ಎರಡೂ ಕಡೆ ಲೂರ್‌ಗೆ 3 ಮೈಲಿ ಬೇಕಾದರೆ ಸೆಳೆತದ ಜೊತೆಗೆ ಹೋಗುವಾಗ 4.5, ಎದುರು ಬರುವಾಗ 1.5 ಇಡಬೇಕು. ನಿಮ್ಮ 5 ಮೈಲಿ ಎದುರು ನೀರಿನಲ್ಲಿ ಆರೂವರೆ ಆಗಿತ್ತು ನೋಡಿ! ಆ ವೇಗಕ್ಕೆ ಎಷ್ಟೋ ಲೂರ್‌ಗಳು ಮಗುಚಿ ಬೀಳುತ್ತವೆ.

ಇಷ್ಟೆಲ್ಲ ಲೆಕ್ಕ ನೀರಿನ ಮೇಲೆ ಮಾಡುವುದು ಕಷ್ಟ. ಅದಕ್ಕೆ ಒಂದು ಸುಲಭದ ದಾರಿ ಇದೆ. ಲೂರ್ ಬಿಡುವ ಮುಂಚೆ ಬೋಟಿನ ಪಕ್ಕದಲ್ಲೇ ಎರಡು ಅಡಿ ಇಳಿಸಿ ನೋಡಿ. ಅದು ಮೀನಿನ ಹಾಗೆ ಬಳುಕುವವರೆಗೆ ಇಂಜಿನ್ ಏರಿಸಿ, ಇಳಿಸಿ. ಆ ಬಳುಕಿಗೆ ರಾಡಿನ ತುದಿ ಹೇಗೆ ತಲೆಯಾಡಿಸುತ್ತದೆ ಅಂತ ನೆನಪಿಟ್ಟುಕೊಳ್ಳಿ. ಮುಂದೆ ದಿನವಿಡೀ ನೋಡಬೇಕಾದ್ದು ಆ ತುದಿಯನ್ನು, ಜಿಪಿಎಸ್ ಅನ್ನಲ್ಲ. ನಿಮ್ಮ ಬೋಟಿನ ಇಂಜಿನ್ ಐಡಲ್‌ನಲ್ಲೇ 3 ದಾಟುತ್ತಿದ್ದರೆ ಒಂದು ಗಟ್ಟಿ ಬಕೆಟ್‌ಗೆ ಹಗ್ಗ ಕಟ್ಟಿ ಪಕ್ಕದಲ್ಲಿ ಎಳೆಯಿರಿ, ವೇಗ ತಗ್ಗುತ್ತದೆ. ಹಗ್ಗ ಮಾತ್ರ ಪ್ರೊಪೆಲ್ಲರ್‌ಗೆ ತಲುಪದಷ್ಟು ಗಿಡ್ಡ ಇರಲಿ.

ಇನ್ನು ಆಳ. ಲೂರನ್ನು ಕೆಳಗಿಳಿಸುವುದಕ್ಕೆ ಇಲ್ಲಿಯ ಜನ ಹಲವು ದಾರಿ ಮಾಡಿಕೊಂಡಿದ್ದಾರೆ. ನಿಮಗೆ ನಾನು ಹೇಳುವುದು ಮೋಜೋದಿಂದ ಶುರು ಮಾಡಿ ಅಂತ. ಮೋಜೋ ಅಂದರೆ ದೊಡ್ಡ ಸೀಸದ ಗುಂಡು, ಅದಕ್ಕೆ ಕೂದಲಿನ ಲಂಗ, ಹಿಂದೆ ಒಂಬತ್ತು ಇಂಚಿನ ರಬ್ಬರ್ ಮೀನು, ದೊಡ್ಡ ಗಾಳ. 16, 24, 32 ಔನ್ಸಿನವು ಸಿಗುತ್ತವೆ. ಬೇಯಲ್ಲಿ 20ರಿಂದ 25 ಅಡಿ ನೀರಿಗೆ 24 ಔನ್ಸಿನದು ಸಾಕು. ನೋಡುವುದಕ್ಕೆ ಚಂದ ಇಲ್ಲ. ಮೊದಲ ಸಲ ಕೈಯಲ್ಲಿ ಹಿಡಿದಾಗ ತಕ್ಕಡಿಯ ತೂಕದ ಕಲ್ಲು ಕಟ್ಟಿಕೊಂಡ ಹಾಗಿತ್ತು ನನಗೆ. ಆದರೆ ಹೊಸಬರಿಗೆ ಇದರಷ್ಟು ಒಳ್ಳೇದು ಇನ್ನೊಂದಿಲ್ಲ. ಬೋಟು 3 ಮೈಲಿಯಲ್ಲಿ ಹೋಗುತ್ತಿರುವಾಗ ರೀಲಿನ ಸ್ಪೂಲ್ (ದಾರ ಸುತ್ತಿದ ಉರುಳೆ) ಮೇಲೆ ಹೆಬ್ಬೆರಳು ಇಟ್ಟು ನಿಧಾನಕ್ಕೆ ದಾರ ಬಿಡಿ. ತಳಕ್ಕೆ ತಟ್ಟಿದ ಕೂಡಲೇ ರಾಡಿನ ತುದಿ ಟಕ್ ಅನ್ನುತ್ತದೆ. ನಾಲ್ಕೈದು ಸುತ್ತು ಎತ್ತಿಕೊಳ್ಳಿ. ಈಗ ನಿಮ್ಮ ಲೂರ್ ಎಲ್ಲಿದೆ ಅಂತ ನಿಮಗೆ ಗೊತ್ತು. ಎಷ್ಟು ದಾರ ಬಿಟ್ಟಿರಿ ಅಂತ ಬರೆದಿಟ್ಟುಕೊಳ್ಳಿ. ಮೀನು ಬಿದ್ದರೆ ಮತ್ತೆ ಅಷ್ಟೇ ಬಿಡಬೇಕಲ್ಲ.

ಇದಕ್ಕೆ ನಿಮ್ಮ ಹಳೇ ರಾಡು ನಡೆಯುವುದಿಲ್ಲ. ಆರೂವರೆ, ಏಳು ಅಡಿಯ ಗಟ್ಟಿ ಟ್ರೋಲಿಂಗ್ ರಾಡು ಬೇಕು. ಜೊತೆಗೆ ಲೈನ್ ಕೌಂಟರ್ ಇರುವ ರೀಲು. ಬಿಟ್ಟ ದಾರ ಎಷ್ಟು ಅಡಿ ಅಂತ ಅದರ ಪುಟ್ಟ ಗಾಜಿನಲ್ಲಿ ಕಾಣಿಸುತ್ತದೆ. ದುಡ್ಡು ಖರ್ಚು ಮಾಡುವುದಾದರೆ ಇಲ್ಲಿ ಮಾಡಿ, ಲೂರ್ ಮೇಲೆ ಬೇಡ. ದಾರ 50 ಪೌಂಡಿನ ಬ್ರೇಡ್, ಅಂದರೆ ಹೆಣೆದ ದಾರ. ನೈಲಾನ್ ದಪ್ಪ, ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ. ಬ್ರೇಡ್ ತೆಳು, ನೀರನ್ನು ಸೀಳಿಕೊಂಡು ಇಳಿಯುತ್ತದೆ. ಕೊನೆಯ 15 ಅಡಿಗೆ 50 ಅಥವಾ 60 ಪೌಂಡಿನ ನೈಲಾನ್ ಲೀಡರ್, ನಡುವೆ ಒಂದು ಬಾಲ್ ಬೇರಿಂಗ್ ಸ್ವಿವೆಲ್ (ತಿರುಗುವ ಕೊಂಡಿ). ಅಗ್ಗದ ಸ್ವಿವೆಲ್ ಹಾಕಿದರೆ ದಾರ ಹುರಿಗೊಂಡು ನಿಮ್ಮ ಅದೇ ಗಂಟಿನ ಕತೆ ಮತ್ತೆ ಶುರು.

ಆರು ರಾಡು ಯಾಕೆ? ಎರಡು ಸಾಕು. ಆರು ರಾಡು ಹಾಕಿ ತಿರುಗುವಾಗ ಸಿಕ್ಕು ಬೀಳದ ಬೋಟನ್ನು ನಾನು ನೋಡಿದ್ದು ಕಡಿಮೆ, ಅದೂ ದುಡ್ಡು ತಗೊಂಡು ಕರೆದುಕೊಂಡು ಹೋಗುವ ಚಾರ್ಟರ್ ಬೋಟುಗಳು. ಒಂದು ರಾಡು ತಳದಿಂದ ಐದು ಅಡಿ ಮೇಲಿರಲಿ, ಇನ್ನೊಂದು ಹತ್ತು ಅಡಿ.

ತಿರುಗುವುದರಲ್ಲೇ ಒಂದು ಗುಟ್ಟೂ ಇದೆ. ನೇರ ಗೆರೆ ಎಳೆದ ಹಾಗೆ ಹೋಗಬೇಡಿ, ಹಾವಿನ ಹಾಗೆ ಹೋಗಿ. ಬಲಕ್ಕೆ ತಿರುಗಿದಾಗ ಬಲಗಡೆಯ ಲೂರ್ ನಿಧಾನವಾಗಿ ಕೆಳಗಿಳಿಯುತ್ತದೆ, ಎಡಗಡೆಯದು ಜೋರಾಗಿ ಮೇಲೇಳುತ್ತದೆ. ಯಾವುದಕ್ಕೆ ಮೀನು ಬಿತ್ತು? ಒಳಗಿನದಕ್ಕೆ ಬಿದ್ದರೆ ನೀವು ವೇಗ ಇಳಿಸಬೇಕು ಅಂತ, ಹೊರಗಿನದಕ್ಕೆ ಬಿದ್ದರೆ ಏರಿಸಬೇಕು ಅಂತ. ಮೀನೇ ಪಾಠ ಹೇಳುತ್ತದೆ. ತಿರುವು ಮಾತ್ರ ಅಗಲ ಇರಲಿ.

ಮುಂದಿನ ವರ್ಷಕ್ಕೆ ಅಂತ ಇನ್ನೆರಡು ವಿಧಾನ ಹೇಳುತ್ತೇನೆ. ಒಂದು ಟ್ಯೂಬ್. ಒಂದೂವರೆ ಎರಡು ಅಡಿ ಉದ್ದದ, ಕೆಂಪು ಅಥವಾ ಕಪ್ಪು ರಬ್ಬರ್ ಕೊಳವೆ. ತುದಿಯ ಗಾಳಕ್ಕೆ ಒಂದು ಸಮುದ್ರದ ಹುಳು ಚುಚ್ಚುತ್ತಾರೆ. ಇದು ತೀರಾ ನಿಧಾನದ ಆಟ, 2 ಮೈಲಿಯ ಆಸುಪಾಸು. ಕಲ್ಲು ಬಂಡೆ ಇರುವ ತಳಕ್ಕೆ ಹೇಳಿ ಮಾಡಿಸಿದ್ದು. ರೋಡ್ ಐಲೆಂಡ್, ಮ್ಯಾಸಚೂಸೆಟ್ಸ್ ಕಡೆಯವರು ಇದರಲ್ಲಿ ಪಳಗಿದವರು. ಇದನ್ನು ಇಳಿಸಲು ಲೆಡ್‌ಕೋರ್ ದಾರ ಬಳಸುತ್ತಾರೆ. ಒಳಗೆ ಸೀಸದ ಎಳೆ, ಹೊರಗೆ ನೂಲಿನ ಹೊದಿಕೆ, 10 ಗಜಕ್ಕೊಮ್ಮೆ ಬಣ್ಣ ಬದಲು. ನಿಧಾನ ಹೋದರೆ ಒಂದು ಬಣ್ಣಕ್ಕೆ ಸುಮಾರು 5 ಅಡಿ ಇಳಿಯುತ್ತದೆ ಅನ್ನುವುದು ರೂಢಿಯ ಲೆಕ್ಕ.

ಇನ್ನೊಂದು ಬಂಕರ್ ಸ್ಪೂನ್. ಇದು ನಿಮ್ಮ ನ್ಯೂಜೆರ್ಸಿಯದೇ ಹೆಮ್ಮೆ. ಒಂದು ಅಡಿಯ ಹತ್ತಿರ ಹತ್ತಿರ ಇರುವ ತಗಡಿನ ಚಮಚ, ಸಾರು ಬಡಿಸುವ ಸೌಟಿಗಿಂತ ದೊಡ್ಡದು. ಬಂಕರ್ ಅಂದರೆ ನಮ್ಮ ಬೂತಾಯಿಯ ದಾಯಾದಿ ಮೀನು, ಸ್ಟ್ರೈಪರ್‌ಗೆ, ಅಂದರೆ ಸ್ಟ್ರೈಪ್ಡ್ ಬಾಸ್‌ಗೆ, ಪಂಚಪ್ರಾಣ. ಸ್ಪೂನ್ ಆ ಬಂಕರ್ ಹಾಗೆ ಹೊರಳಾಡಿಕೊಂಡು ಬರುತ್ತದೆ. ಮೇ ತಿಂಗಳಲ್ಲಿ ಸ್ಯಾಂಡಿ ಹುಕ್ ದಾಟಿ ಸಮುದ್ರದ ಕಡೆ ದೊಡ್ಡ ಮೀನು ಬೇಕು ಅನ್ನುವವರು ಇದನ್ನೇ ಹಾಕುವುದು. ಇದಕ್ಕೆ ಉದ್ದನೆಯ ಮೆತ್ತನೆಯ ರಾಡು, ತಂತಿ ದಾರ. ಹೌದು, ನಿಜವಾದ ಲೋಹದ ತಂತಿ. ಮೋನೆಲ್ ಅನ್ನುವ ನಿಕ್ಕಲ್ ತಾಮ್ರದ ಮಿಶ್ರಲೋಹ, ಇಲ್ಲವೇ ಸ್ಟೇನ್‌ಲೆಸ್ ಸ್ಟೀಲ್. ಭಾರ ಕಟ್ಟುವುದೇ ಬೇಡ, ತಂತಿಯ ತೂಕಕ್ಕೇ ಇಳಿಯುತ್ತದೆ. 100 ಅಡಿ ತಂತಿಗೆ 10 ಅಡಿ ಆಳ, ಇದು ಇಲ್ಲಿಯ ಹಳಬರ ಬಾಯಿಪಾಠ. 50 ಅಡಿಗೊಮ್ಮೆ ಬಣ್ಣದ ಗುರುತು ಸುತ್ತಿಟ್ಟುಕೊಂಡಿರುತ್ತಾರೆ.

ಆದರೆ ತಂತಿಗೆ ಈಗಲೇ ಕೈ ಹಾಕಬೇಡಿ. ನಾನು ಹಾಕಿ ಕಲಿತದ್ದು. ಮೊದಲ ದಿನ ರೀಲಿನ ಲಿವರ್ ಬಿಟ್ಟವನೇ ಹೆಬ್ಬೆರಳು ಇಡುವುದನ್ನು ಮರೆತೆ. ತಂತಿಗೆ ಸ್ಪ್ರಿಂಗ್ ಗುಣ ಇದೆ, ಸಡಿಲ ಸಿಕ್ಕಿದ್ದೇ ತಡ ಸ್ಪೂಲ್‌ನಿಂದ ಎದ್ದುಬಿಡುತ್ತದೆ. ಒರಳಿನಿಂದ ಶ್ಯಾವಿಗೆ ಒತ್ತಿದ ಹಾಗೆ ನಾಲ್ಕೂ ಕಡೆಯಿಂದ ಹೊರಗೆ ಬಂತು. ಎರಡು ಗಂಟೆ ಇಕ್ಕಳ ಹಿಡಿದು ಕೂತು ಬಿಡಿಸಿದೆ. ಒಂದು ಕಡೆ ಪುಟ್ಟ ಮಡಿಕೆ ಬಿದ್ದಿತ್ತು, ಬೆರಳಲ್ಲಿ ತೀಡಿ ಸರಿ ಹೋಯಿತು ಅಂದುಕೊಂಡೆ. ಮುಂದಿನ ವಾರ ಒಳ್ಳೇ ಮೀನು ಬಿತ್ತು. ರಾಡು ಬಿಲ್ಲಿನ ಹಾಗೆ ಬಾಗಿತು, ಒಂದು ಸಣ್ಣ ಟಿಂಗ್ ಸದ್ದು, ರಾಡು ನೆಟ್ಟಗಾಯಿತು. ಎಳೆದು ನೋಡಿದರೆ ತಂತಿ ಸರಿಯಾಗಿ ಆ ಮಡಿಕೆಯಲ್ಲೇ ಮುರಿದಿತ್ತು. ಸ್ಪೂನೂ ಹೋಯಿತು, ಮೀನೂ ಹೋಯಿತು. ತಂತಿಯಲ್ಲಿ ಮಡಿಕೆ ಕಂಡರೆ ಅಲ್ಲಿಗೆ ಕತ್ತರಿಸಿ ಮತ್ತೆ ಕಟ್ಟಿ, ಬೇರೆ ರಿಪೇರಿ ಇಲ್ಲ.

ಎಲ್ಲಿ, ಯಾವಾಗ ಅನ್ನುವುದಕ್ಕೆ ಬರುತ್ತೇನೆ. ಸ್ಟ್ರೈಪರ್ ಸಮುದ್ರದ ಮೀನು, ಆದರೆ ಮೊಟ್ಟೆ ಇಡುವುದಕ್ಕೆ ನದಿಗೆ ಹೋಗುತ್ತದೆ. ನಿಮ್ಮ ಬೇಗೆ ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ಬರುವವುಗಳಲ್ಲಿ ಬಹಳಷ್ಟು ಹಡ್ಸನ್ ನದಿಗೆ ಹೊರಟವು. ಬೇಯ ಒಳಭಾಗ ಆಳವಿಲ್ಲ, ತಳ ಕಪ್ಪು ಕೆಸರು. ಬಿಸಿಲಿಗೆ ಬೇಗ ಬೆಚ್ಚಗಾಗುತ್ತದೆ. ಹಾಗಾಗಿ ಋತುವಿನ ಶುರುವಿಗೆ ಕೀಪೋರ್ಟ್, ಯೂನಿಯನ್ ಬೀಚ್ ಕಡೆ ನೋಡಿ. ನೀರು 50 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಮೇಲೆ ಹೊಟ್ಟೆ ಹಸಿವು ಜೋರಾಗುತ್ತದೆ. ಬಿಸಿಲು ಬಿದ್ದ ಮಧ್ಯಾಹ್ನ ಬೆಳಗಿಗಿಂತ ಒಳ್ಳೆಯದು ಅಂತ ಹೇಳುವುದು ಇದಕ್ಕೇ. ನಸುಕಿನಲ್ಲಿ ನಾಲ್ಕಕ್ಕೆ ಎದ್ದು ಚಳಿಯಲ್ಲಿ ನಡುಗುವುದು ಏಪ್ರಿಲ್ ಮೊದಲ ವಾರಕ್ಕೆ ಬೇಡವೇ ಬೇಡ. ಏಪ್ರಿಲ್ ಕೊನೆಗೆ ಮೀನು ಚಾನೆಲ್‌ಗಳ ಅಂಚಿಗೆ ಸರಿಯುತ್ತದೆ. ಹಡಗುಗಳಿಗಾಗಿ ಅಗೆದ ಚಾನೆಲ್ ಒಂದು ಕಾಲುವೆ ಇದ್ದ ಹಾಗೆ, ಪಕ್ಕದಲ್ಲಿ 20 ಅಡಿ ಇದ್ದ ತಳ ಥಟ್ಟನೆ ಜಾರುತ್ತದೆ. ಆ ಜಾರಿನ ಉದ್ದಕ್ಕೂ ಎಳೆಯಿರಿ, ಅಡ್ಡಡ್ಡ ಅಲ್ಲ. ಚಾನೆಲ್ ಒಳಗೆ ಕೂರಬೇಡಿ. ಅಲ್ಲಿ ಬರುವ ಹಡಗಿಗೆ ನಿಮಗಾಗಿ ನಿಲ್ಲಲು ಆಗುವುದಿಲ್ಲ. ಐದು ಸಲ ಗಿಡ್ಡ ಹಾರ್ನ್ ಕೇಳಿಸಿದರೆ ಅದು ನಿಮಗೇ, ದಾರ ಕತ್ತರಿಸಿಯಾದರೂ ಜಾಗ ಬಿಡಿ. ಲಿಯೊನಾರ್ಡೊ ಹತ್ತಿರ ಸಮುದ್ರದೊಳಕ್ಕೆ ಸುಮಾರು 3 ಮೈಲಿ ಚಾಚಿರುವ ನೌಕಾಪಡೆಯ ಅರ್ಲ್ ಪಿಯರ್ ಇದೆಯಲ್ಲ, ಅದರ ಸುತ್ತ ನಿರ್ಬಂಧಿತ ಪ್ರದೇಶ. ಮೀನು ಕಂಡರೂ ಒಳಗೆ ಹೋಗಬೇಡಿ.

ಹಕ್ಕಿ ನೋಡಿ. ಗ್ಯಾನೆಟ್ ಅನ್ನುವ ದೊಡ್ಡ ಬಿಳಿ ಹಕ್ಕಿ ಕಲ್ಲು ಬಿದ್ದ ಹಾಗೆ ನೀರಿಗೆ ಧುಮುಕುತ್ತಿದ್ದರೆ ಕೆಳಗೆ ಬಂಕರ್ ಇದೆ ಅಂತ ಅರ್ಥ. ಫಿಶ್‌ಫೈಂಡರ್‌ನಲ್ಲಿ ಬಂಕರ್ ಗುಂಪು ಮೋಡದ ಹಾಗೆ ಕಾಣುತ್ತದೆ, ಅದರ ಕೆಳಗೆ ಬಿಡಿ ಬಿಡಿಯಾಗಿ ಕಮಾನು ಕಂಡರೆ ಅವು ನಿಮ್ಮ ಮೀನು. ಆ ಮೋಡದ ನಡುವೆ ಬೋಟು ನುಗ್ಗಿಸಬೇಡಿ. ಅಂಚಿನಲ್ಲಿ ಸುತ್ತಿ ಬನ್ನಿ.

ಬಣ್ಣ? ಕಲಕಿದ ನೀರಿಗೆ ಬಿಳಿ ಒಂದು, ಹಳದಿ ಹಸಿರಿನ ಶಾರ್ಟ್ರೂಸ್ ಒಂದು. ಎರಡು ರಾಡಿಗೆ ಎರಡು ಬಣ್ಣ, ಮುಗಿಯಿತು.

ಮೀನು ಬಿದ್ದಾಗ ರಾಡನ್ನು ಜೋರಾಗಿ ಎಳೆಯಬೇಡಿ. ಬೋಟಿನ ಓಟಕ್ಕೇ ಗಾಳ ಕಚ್ಚಿಕೊಂಡಿರುತ್ತದೆ. ಇಂಜಿನ್ ಪೂರ್ತಿ ನಿಲ್ಲಿಸುವುದೂ ತಪ್ಪು, ದಾರ ಸಡಿಲಾದರೆ 24 ಔನ್ಸಿನ ಗುಂಡು ಜೋತಾಡಿ ಗಾಳ ಬಿಡಿಸಿಬಿಡುತ್ತದೆ. ನಿಧಾನಕ್ಕೆ ಮುಂದೆ ಹೋಗುತ್ತಲೇ ಸಮನಾಗಿ ಸುತ್ತಿ. ಡ್ರ್ಯಾಗ್, ಅಂದರೆ ರೀಲಿನ ಬ್ರೇಕು, ದಾರದ ಶಕ್ತಿಯ ಕಾಲು ಭಾಗಕ್ಕಿಂತ ಜಾಸ್ತಿ ಬಿಗಿ ಬೇಡ. ಬ್ರೇಡ್ ನೈಲಾನ್ ಹಾಗೆ ಹಿಗ್ಗುವುದಿಲ್ಲ. ಎತ್ತುವುದಕ್ಕೆ ರಬ್ಬರ್ ಬಲೆಯ ನೆಟ್. ಕೊಕ್ಕೆ ಹಾಕಿ ಎತ್ತುವುದಕ್ಕೆ ಕಾನೂನೇ ಬಿಡುವುದಿಲ್ಲ.

ಕಾನೂನು ಅಂದಾಗ ನೆನಪಾಯಿತು, ಇಲ್ಲಿ ಸ್ವಲ್ಪ ನಿಂತು ಓದಿ. 2023ರಿಂದ ಕರಾವಳಿಯಲ್ಲಿ ಒಬ್ಬರಿಗೆ ದಿನಕ್ಕೆ ಒಂದು ಮೀನು, ಅದೂ 28ರಿಂದ 31 ಇಂಚಿನ ಒಳಗಿರಬೇಕು. 2015ರಲ್ಲಿ ಹುಟ್ಟಿದ ಒಂದು ದೊಡ್ಡ ತಲೆಮಾರು ಆ ಹೊತ್ತಿಗೆ ಬೆಳೆದು ನಿಂತಿತ್ತು, ಅದನ್ನು ಉಳಿಸಲು ತಂದ ನಿಯಮ ಇದು. ಈ ಮೀನು ಮೊಟ್ಟೆ ಇಡುವ ಇನ್ನೊಂದು ಜಾಗ ಚೆಸಪೀಕ್ ಬೇಯಲ್ಲಿ 2019ರಿಂದ ಹಲವು ವರ್ಷ ಸತತವಾಗಿ ಮರಿಗಳು ಕಡಿಮೆ. ಹಾಗಾಗಿ ನಿಯಮ ಇನ್ನೂ ಬಿಗಿಯಾಗಬಹುದು, ಪ್ರತಿ ವರ್ಷ ಹೊರಡುವ ಮುಂಚೆ ರಾಜ್ಯದ ಸೈಟಿನಲ್ಲಿ ನೋಡಿಕೊಳ್ಳಿ. ಬೇಯ ಮಧ್ಯದಲ್ಲೇ ನ್ಯೂಯಾರ್ಕ್ ಗಡಿ ಹಾದು ಹೋಗುತ್ತದೆ ಅನ್ನುವುದೂ ತಲೆಯಲ್ಲಿರಲಿ. ನ್ಯೂಜೆರ್ಸಿ ಕಡೆ ಮಾರ್ಚ್ 1ಕ್ಕೆ ಋತು ಶುರು, ನ್ಯೂಯಾರ್ಕ್ ಕಡೆ ಏಪ್ರಿಲ್ 15ಕ್ಕೆ. ಏಪ್ರಿಲ್ 10ರಂದು ಸ್ಟೇಟನ್ ಐಲೆಂಡ್ ಪಕ್ಕ ಹಿಡಿದ ಮೀನನ್ನು ಡಬ್ಬಿಗೆ ಹಾಕಿಕೊಂಡರೆ ದಂಡ. ಸಮುದ್ರದಲ್ಲಿ 3 ಮೈಲಿ ಆಚೆ ಹೋದರಂತೂ ಸ್ಟ್ರೈಪರ್ ಹಿಡಿಯುವ ಹಾಗೇ ಇಲ್ಲ. ನ್ಯೂಜೆರ್ಸಿಯ ಸಾಲ್ಟ್‌ವಾಟರ್ ರಿಜಿಸ್ಟ್ರಿಯಲ್ಲಿ ಹೆಸರು ಬರೆಸಿ, ದುಡ್ಡು ಬೇಡ. ಬೋಟು ಓಡಿಸುವವರ ಹತ್ತಿರ ಬೋಟಿಂಗ್ ಸೇಫ್ಟಿ ಸರ್ಟಿಫಿಕೇಟ್ ಇರಲಿ.

ಅಂದರೆ ನೀವು ಹಿಡಿಯುವ ಬಹಳಷ್ಟು ಮೀನನ್ನು ವಾಪಸ್ ಬಿಡಲೇಬೇಕು. ಬಿಟ್ಟ ನೂರರಲ್ಲಿ ಒಂಬತ್ತು ಸಾಯುತ್ತವೆ ಅಂತ ಇಲ್ಲಿಯ ಮೀನುಗಾರಿಕೆ ಆಯೋಗ ಲೆಕ್ಕ ಹಿಡಿಯುತ್ತದೆ. ಮೂರು ಮುಳ್ಳಿನ ಗಾಳ ತೆಗೆದು ಒಂಟಿ ಗಾಳ ಹಾಕಿ, ಅದರ ಅಡ್ಡ ಮುಳ್ಳನ್ನು ಇಕ್ಕಳದಲ್ಲಿ ಒತ್ತಿಬಿಡಿ. ಫೋಟೋ ಬೇಕಾದರೆ ಕ್ಯಾಮೆರಾ ಮೊದಲು ತಯಾರಿರಲಿ, ಆಮೇಲೆ ಮೀನು ಎತ್ತಿ.

ಇಟ್ಟುಕೊಂಡ ಮೀನಿನ ಸಾರು ಮಾಡುವ ಮುಂಚೆ ಇನ್ನೊಂದು ಮಾತು. ಹಡ್ಸನ್ ನದಿಗೆ ದಶಕಗಳ ಕಾಲ ಕಾರ್ಖಾನೆಗಳಿಂದ ಪಿಸಿಬಿ ಅನ್ನುವ ರಾಸಾಯನಿಕ ಸೇರಿದೆ, ಅದು ಈ ಮೀನಿನ ಕೊಬ್ಬಿನಲ್ಲಿ ಕೂರುತ್ತದೆ. ಚರ್ಮ, ಹೊಟ್ಟೆಯ ಕೊಬ್ಬು, ಪಕ್ಕೆಯ ಕಡುಗೆಂಪು ಮಾಂಸ ತೆಗೆದುಹಾಕಿ. ಮಕ್ಕಳಿಗೆ, ಮಗು ಹೆರುವ ವಯಸ್ಸಿನ ಹೆಂಗಸರಿಗೆ ರಾಜ್ಯದ ಸಲಹೆ ಇನ್ನೂ ಕಟ್ಟುನಿಟ್ಟು. ಮಗಳ ತಟ್ಟೆಗೆ ಅಂಗಡಿಯ ಮೀನೇ ಇರಲಿ.

ಮಗಳನ್ನು ಕರೆದುಕೊಂಡು ಹೋಗಿ, ಖಂಡಿತ. ಆದರೆ ಏಪ್ರಿಲ್ ಕೊನೆಗೆ, ಗಾಳಿ ಇಲ್ಲದ ಬಿಸಿಲಿನ ದಿನ ನೋಡಿ, ಮೂರು ಗಂಟೆಗಿಂತ ಜಾಸ್ತಿ ಬೇಡ. 12 ವರ್ಷ ಮತ್ತು ಅದಕ್ಕಿಂತ ಚಿಕ್ಕವರು ಬೋಟು ಚಲಿಸುವಾಗ ಲೈಫ್ ಜಾಕೆಟ್ ಹಾಕಲೇಬೇಕು ಅಂತ ನಿಯಮ. ನಾನಾದರೆ ನೀವು ಮೂವರೂ ಹಾಕಿಕೊಳ್ಳಿ ಅನ್ನುತ್ತೇನೆ, 50 ಡಿಗ್ರಿಯ ನೀರಿಗೆ ಬಿದ್ದರೆ ಈಜು ಬರುವವರ ಕೈಕಾಲೂ ನಿಮಿಷಗಳಲ್ಲಿ ಮರಗಟ್ಟುತ್ತವೆ. ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್‌ನ ದಾರ ಓಡಿಸುವವರ ಮೈಗೆ ಸಿಕ್ಕಿಸಿರಲಿ. ಅವಳನ್ನು ಸುಮ್ನೆ ಕೂರಿಸಬೇಡಿ, ರಾಡಿನ ತುದಿ ನೋಡುವ ಕೆಲಸ ಅವಳಿಗೇ ಕೊಡಿ. ದೊಡ್ಡವರು ಹತ್ತು ನಿಮಿಷಕ್ಕೆ ಹರಟೆಗೆ ಇಳಿಯುತ್ತಾರೆ, ಮಕ್ಕಳ ಕಣ್ಣು ಚುರುಕು. ತುದಿ ಒಂದೇ ತಾಳದಲ್ಲಿ ತಲೆಯಾಡಿಸುತ್ತಿದ್ದರೆ ಎಲ್ಲ ಸರಿ. ಟಕ್ ಟಕ್ ಅಂದರೆ ತಳ ತಾಗುತ್ತಿದೆ, ಎರಡು ಸುತ್ತು ಎತ್ತಬೇಕು. ಆಡುವುದನ್ನೇ ನಿಲ್ಲಿಸಿ ಸುಮ್ಮನೆ ಬಾಗಿ ನಿಂತರೆ ಪಾಚಿ ಸಿಕ್ಕಿದೆ, ಎಳೆದು ಬಿಡಿಸಿ ಮತ್ತೆ ಬಿಡಿ. ಪಾಚಿ ಹೊತ್ತ ಲೂರನ್ನು ಅರ್ಧ ದಿನ ಎಳೆದರೂ ಮೀನು ತಿರುಗಿ ನೋಡುವುದಿಲ್ಲ. ಹೋದ ಸಲ ನಿಮ್ಮ ಆರು ರಾಡುಗಳಲ್ಲಿ ಎಷ್ಟು ಹಾಗೇ ಓಡಾಡಿದವೋ! ನಾಲ್ಕನೆಯದು ಏನಾದರೂ ಆದರೆ ನೀವು ಹೇಳಿಕೊಡುವುದೇ ಬೇಡ, ಅವಳೇ ಕೂಗುತ್ತಾಳೆ.